ಪೊದೆಗಳ ನಡುವಿನ ಜಾಗ: ನೆಗೆವ್ ಮರುಭೂಮಿಯ ಕಲ್ಲುಬೆಟ್ಟಗಳ ನೀರಿನ ಲೆಕ್ಕ



ಇಂದಿನ ಉಪನ್ಯಾಸದ ವಸ್ತು ದಟ್ಟ ಕಾಡಲ್ಲ, ಹುಲ್ಲುಗಾವಲೂ ಅಲ್ಲ. ಒಂದು ಪೊದೆಯಿಂದ ಇನ್ನೊಂದಕ್ಕೆ ನಾಲ್ಕಾರು ಹೆಜ್ಜೆ ನಡೆಯಬೇಕಾದ, ನಡುವೆ ಬರೀ ಕಲ್ಲು ಕಾಣುವ ಬೆಟ್ಟದ ಮೈ. ದಕ್ಷಿಣ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಇಂಥ ಬೆಟ್ಟಗಳು ಸಾಲುಸಾಲಾಗಿವೆ. ರಸ್ತೆಯಲ್ಲಿ ಹಾದುಹೋಗುವವರು ಅವನ್ನು ಬೋಳುಗುಡ್ಡ ಎನ್ನುತ್ತಾರೆ. ಜೀವವಿಜ್ಞಾನಿಗಳು ಮಾತ್ರ ಆ ಬೋಳುಗುಡ್ಡದ ಮೇಲೆ ಹಲವು ದಶಕಗಳಿಂದ ಮಂಡಿಯೂರಿ ಕುಳಿತಿದ್ದಾರೆ.

ಉತ್ತರದ ಬೀರ್‌ಶೆಬಾ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ. ಅಲ್ಲಿಂದ ದಕ್ಷಿಣಕ್ಕಿರುವ ಸದೆ ಬೋಕೆರ್ ಮತ್ತು ಅವ್ದತ್ ಸುತ್ತಲಿನ ಬೆಟ್ಟಗಳಲ್ಲಿ ಅದು 90 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಕೆಂಪು ಸಮುದ್ರದ ದಡದ ಏಲತ್ ತಲುಪುವಷ್ಟರಲ್ಲಿ 30 ಮಿ.ಮೀ.ಗೂ ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ಬರದ ತಾಲ್ಲೂಕೆಂದು ಹೆಸರಾದ ಚಳ್ಳಕೆರೆಯ ಮಳೆ ಅವ್ದತ್‌ನ ಮಳೆಯ ನಾಲ್ಕೈದು ಪಟ್ಟು. ಅವ್ದತ್‌ನಲ್ಲಿ ಬೀಳುವ ಅಷ್ಟಿಷ್ಟು ಮಳೆಯೂ ಚಳಿಗಾಲದ ತಿಂಗಳುಗಳಲ್ಲಿ ಹನಿಹನಿಯಾಗಿ ಬರುತ್ತದೆ. ಒಂದು ವರ್ಷ ಸರಾಸರಿಯ ಎರಡು ಪಟ್ಟು ಸುರಿದರೆ ಇನ್ನೊಂದು ವರ್ಷ ಅರ್ಧವೂ ಇಲ್ಲ. ಇತ್ತ ಅಲ್ಲಿನ ಬಿಸಿಲು ಮತ್ತು ಗಾಳಿಗೆ ತೆರೆದಿಟ್ಟರೆ ವರ್ಷಕ್ಕೆ 2000 ಮಿ.ಮೀ.ಗೂ ಮಿಕ್ಕಿ ನೀರು ಆವಿಯಾಗಬಲ್ಲುದು.

ಸಹಾರಾದಲ್ಲಿ ದಶಕಗಟ್ಟಲೆ ಅಲೆದ ಫ್ರೆಂಚ್ ನಿಸರ್ಗವಿಜ್ಞಾನಿ ಥಿಯೋಡೋರ್ ಮೊನೋ 1954ರಲ್ಲಿ ಮರುಭೂಮಿಯ ಸಸ್ಯಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಗಿಡಗಳು ನೆಲದ ಮೇಲೆಲ್ಲ ದೂರದೂರ ಚದುರಿ ನಿಂತಿದ್ದರೆ ಒಂದು ಬಗೆ. ಬೆಟ್ಟದ ಮೈಯನ್ನು ಪೂರ್ತಿ ಬಿಟ್ಟುಕೊಟ್ಟು, ಮಳೆ ಬಂದಾಗಷ್ಟೇ ಹರಿಯುವ ಹಳ್ಳದ ಪಾತ್ರಕ್ಕೆ ಕುಗ್ಗಿಹೋಗಿದ್ದರೆ ಇನ್ನೊಂದು. ಏಲತ್ ಕಡೆಯ ಬೆಟ್ಟಗಳು ಎರಡನೆಯ ಬಗೆಯವು. ಅಲ್ಲಿ ಇಳಿಜಾರು ಹೆಚ್ಚುಕಡಿಮೆ ಬರಿದು, ಹಳ್ಳದಲ್ಲಿ ಮಾತ್ರ ಜಾಲಿಯ ಜಾತಿಯ ಮರಗಳು. ಅವ್ದತ್ ಸುತ್ತಲಿನ ಬೆಟ್ಟಗಳು ಈ ಎರಡರ ಗಡಿಯಲ್ಲಿವೆ. ಇನ್ನೂ ಸ್ವಲ್ಪ ಮಳೆ ತಗ್ಗಿದರೆ ಗಿಡಗಳು ಇಳಿಜಾರನ್ನು ಬಿಟ್ಟು ಹಳ್ಳಕ್ಕೆ ಇಳಿಯಬೇಕು. ಆದರೂ ಬಿಟ್ಟಿಲ್ಲ. ಏಕೆ ಬಿಟ್ಟಿಲ್ಲ ಎಂಬುದೇ ಇಂದಿನ ವಿಷಯ.

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದೇ ಬೆಟ್ಟವನ್ನು ಮೇಲಿನಿಂದ ಕೆಳಗೆ ನೋಡಿದರೆ ಸಾಕು. ನೆತ್ತಿಯ ಕಡೆ ಸುಣ್ಣಕಲ್ಲಿನ ಹಾಸು ಬತ್ತಲಾಗಿ ಚಾಚಿದೆ, ಅಲ್ಲಲ್ಲಿ ಬಿರುಕು, ಬಿರುಕಿನಲ್ಲಿ ಒಂದಿಷ್ಟು ಮಣ್ಣು. ಬುಡದಲ್ಲಿ ಗಾಳಿ ಹೊತ್ತು ತಂದ ಲೋಯೆಸ್ ಎಂಬ ನಯವಾದ ಹಳದಿ ದೂಳುಮಣ್ಣು ಆಳವಾಗಿ ಕುಳಿತಿದೆ. ಯಾವ ರೈತನನ್ನು ಕೇಳಿದರೂ ಗಿಡ ಬೆಳೆಯುವುದು ಬುಡದ ಆಳಮಣ್ಣಿನಲ್ಲಿ ಎಂದೇ ಹೇಳಿಯಾನು. ಭೂರೂಪ ವಿಜ್ಞಾನಿ ಆರೋನ್ ಯಾಯಿರ್ ಮತ್ತು ಸಸ್ಯವಿಜ್ಞಾನಿ ಅವಿನೋಮ್ ದಾನಿನ್ ಸದೆ ಬೋಕೆರ್‌ನ ಇಳಿಜಾರೊಂದನ್ನು ಅಳೆದು 1980ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧವಾಗಿತ್ತು. ಕಲ್ಲು ಹೆಚ್ಚಿರುವ ಮೇಲ್ಭಾಗದಲ್ಲೇ ಗಿಡಗಳೂ ಹೆಚ್ಚು, ಜಾತಿಗಳೂ ಹೆಚ್ಚು. ಮಣ್ಣು ಆಳವಾಗಿರುವ ಬುಡವೇ ಹೆಚ್ಚು ಒಣ, ಹೆಚ್ಚು ಉಪ್ಪು.

ಕಾರಣ ಮಳೆಯ ಸ್ವಭಾವದಲ್ಲಿದೆ. ನೆಗೆವ್‌ನಲ್ಲಿ ಹೆಚ್ಚಿನ ಮಳೆಗಳು ಕೆಲವೇ ಮಿ.ಮೀ. ಅಳತೆಯವು. ಲೋಯೆಸ್ ಮೇಲೆ ಬಿದ್ದ ಐದು ಮಿ.ಮೀ. ಮಳೆ ಮೇಲ್ಪದರದ ಕೆಲವು ಸೆಂಟಿಮೀಟರನ್ನು ಒದ್ದೆ ಮಾಡಿ, ಮರುದಿನದ ಬಿಸಿಲಿಗೆ ಹಾಗೇ ಆರಿಹೋಗುತ್ತದೆ. ಬೇರಿಗೆ ಅದು ತಲುಪುವುದೇ ಇಲ್ಲ. ಕಲ್ಲಿನ ಹಾಸು ಹಾಗಲ್ಲ, ನೀರು ಕುಡಿಯುವುದಿಲ್ಲ. ಒಂದರಿಂದ ಮೂರು ಮಿ.ಮೀ. ಮಳೆಗೇ ಅದರ ಮೇಲೆ ನೀರು ಹರಿಯತೊಡಗುತ್ತದೆ. ಹೆಂಚಿನ ಮಾಡಿನ ನೀರೆಲ್ಲ ಸೂರಿನಡಿಯ ಒಂದೇ ಹಂಡೆಗೆ ಬೀಳುವ ಹಾಗೆ, ಹಾಸಿನ ನೀರೆಲ್ಲ ಮುಂದಿನ ಬಿರುಕಿಗೆ ಇಳಿಯುತ್ತದೆ. ಬಿರುಕಿನ ಮಣ್ಣು ಸ್ವಲ್ಪವೇ ಆದ್ದರಿಂದ ಆ ನೀರು ಅದನ್ನು ತುಂಬಿ ಆಳಕ್ಕೆ ಹೋಗುತ್ತದೆ. ಮೇಲೆ ಕಲ್ಲೇ ಮುಚ್ಚಳವಾಗಿರುವುದರಿಂದ ಬಿಸಿಲಿಗೆ ಆರುವುದೂ ಕಡಿಮೆ. ಬಿರುಕಿನಲ್ಲಿರುವ ಗಿಡದ ಪಾಲಿಗೆ ವರ್ಷದ ಮಳೆ 90 ಮಿ.ಮೀ. ಅಲ್ಲ, ಅದರ ಹಲವು ಪಟ್ಟು.

ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೊಯ್-ಮೆಯಿರ್ 1973ರ ತಮ್ಮ ಪ್ರಸಿದ್ಧ ಸಮೀಕ್ಷಾ ಲೇಖನದಲ್ಲಿ ಇದಕ್ಕೊಂದು ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದರು. ಮಳೆ ಚೆನ್ನಾಗಿರುವ ನಾಡಿನಲ್ಲಿ ನೀರು ಹಿಡಿದಿಡುವ ಜೇಡಿಮಣ್ಣು ಒಳ್ಳೆಯದು. ಮರುಭೂಮಿಯಲ್ಲಿ ನೀರನ್ನು ಬೇಗ ಆಳಕ್ಕೆ ಬಿಡುವ ಮರಳು, ಕಲ್ಲುನೆಲವೇ ಒಳ್ಳೆಯದು. ಒಂದೇ ಮಣ್ಣಿನ ಗುಣ ಮಳೆಯ ಪ್ರಮಾಣಕ್ಕೆ ತಕ್ಕಂತೆ ತಲೆಕೆಳಗಾಗುತ್ತದೆ. ದಾನಿನ್ ಈ ವಿಚಾರವನ್ನು ಇನ್ನಷ್ಟು ದೂರ ಒಯ್ದರು. ನೆಗೆವ್ ಮತ್ತು ಅದರ ಪಕ್ಕದ ಸಿನಾಯ್‌ನ ನುಣುಪು ಸುಣ್ಣಕಲ್ಲಿನ ಸೀಳುಗಳಲ್ಲಿ ಮೆಡಿಟರೇನಿಯನ್ ಕರಾವಳಿಯ ಮಳೆನಾಡಿಗೆ ಸೇರಿದ ಗಿಡಗಳು ಬದುಕಿರುವುದನ್ನು ಅವರು ಪಟ್ಟಿ ಮಾಡಿದರು. ಹಿಂದೆಂದೋ ಮಳೆ ಹೆಚ್ಚಾಗಿದ್ದ ಕಾಲದಲ್ಲಿ ಬಂದು, ಸುತ್ತಲೂ ನಾಡು ಒಣಗಿದ ಮೇಲೆ ಕಲ್ಲಿನ ಸೀಳಿನಲ್ಲಿ ಉಳಿದುಕೊಂಡ ಒಕ್ಕಲು ಅವು.

ಹೀಗೆ ನೋಡಿದಾಗ ಎರಡು ಪೊದೆಗಳ ನಡುವಿನ ಬರಿಜಾಗ ಯಾರದೂ ಅಲ್ಲದ ನೆಲವಲ್ಲ. ಅದು ಕೆಳಗಿನ ಪೊದೆಯ ಜಲಾನಯನ. ಅಲ್ಲಿ ಇನ್ನೊಂದು ಗಿಡ ಎದ್ದರೆ ಈ ಗಿಡದ ಪಾಲು ಕಡಿಮೆಯಾಗುತ್ತದೆ.

ಈ ಬೆಟ್ಟಗಳ ಯಜಮಾನಿಕೆ ಜೈಗೋಫಿಲಮ್ ಡುಮೋಸಮ್ ಎಂಬ ಪೊದೆಯದು. ಎತ್ತರ ಒಂದು ಮೀಟರಿಗಿಂತ ಕಡಿಮೆ, ಬೂದುಬಣ್ಣದ ಗಂಟುಗಂಟಾದ ಕಾಂಡ. ಸಸ್ಯವಿಜ್ಞಾನಿ ಮೈಕೆಲ್ ಜೊಹಾರಿ ನೆಗೆವ್‌ನ ಕಲ್ಲಿನ ಇಳಿಜಾರುಗಳ ಇಡೀ ಸಸ್ಯಸಮುದಾಯಕ್ಕೆ ಇದರ ಹೆಸರನ್ನೇ ಇಟ್ಟರು. ನಮಗೆ ಈ ಗಿಡ ಹೊಸದಾದರೂ ಮನೆತನ ಹೊಸದಲ್ಲ. ಹೊಲದ ಬದುವಿನಲ್ಲಿ ಅಂಗಾಲಿಗೆ ಚುಚ್ಚುವ ನಮ್ಮ ನೆಗ್ಗಿಲುಮುಳ್ಳು ಇದೇ ಕುಟುಂಬದ್ದು.

ಇದರ ಎಲೆಯ ರಚನೆ ವಿಶೇಷವಾದದ್ದು. ರಸ ತುಂಬಿದ ದಪ್ಪ ತೊಟ್ಟು, ಅದರ ತುದಿಯಲ್ಲಿ ಎರಡು ಪುಟ್ಟ ಎಲೆಗಳು. ಮಳೆಗಾಲದಲ್ಲಿ ಮೂರೂ ಹಸಿರು. ಬೇಸಗೆ ಬರುತ್ತಿದ್ದಂತೆ ಎರಡೂ ಎಲೆಗಳು ಉದುರುತ್ತವೆ, ತೊಟ್ಟು ಮಾತ್ರ ಉಳಿದು ಬಿಸಿಲುಗಾಲವಿಡೀ ಅಡುಗೆ ಮಾಡುತ್ತದೆ. ನೀರು ಆವಿಯಾಗುವ ಮೈ ಒಮ್ಮೆಲೇ ಕುಗ್ಗುತ್ತದೆ, ಆಹಾರ ತಯಾರಿಕೆ ನಿಲ್ಲುವುದಿಲ್ಲ. ನೆರೆಯ ಗಿಡಗಳು ಬೇರೆ ಬೇರೆ ದಾರಿ ಹಿಡಿದಿವೆ. ಮರುಭೂಮಿಯ ಮಾಚಿಪತ್ರೆ ಎನ್ನಬಹುದಾದ ಆರ್ಟಿಮಿಸಿಯಾ ಚಳಿಗಾಲದ ದೊಡ್ಡ ಎಲೆಗಳನ್ನು ಉದುರಿಸಿ ಬೇಸಗೆಗೆಂದು ಬೇರೆಯೇ ಸಣ್ಣ ಎಲೆ ತೊಡುತ್ತದೆ. ಹಮ್ಮಾಡಾ ಎಂಬ ಪೊದೆಗೆ ಹೇಳಿಕೊಳ್ಳುವಂಥ ಎಲೆಯೇ ಇಲ್ಲ, ಗೆಣ್ಣುಗೆಣ್ಣಾದ ಹಸಿರು ಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ.

ಬರವನ್ನು ತಾಳಿಕೊಳ್ಳಲು ಜೈಗೋಫಿಲಮ್ ತನ್ನ ಮೈಯನ್ನೇ ಒಡೆದುಕೊಳ್ಳುತ್ತದೆ. ವಯಸ್ಸಾದಂತೆ ಕಾಂಡ ಉದ್ದುದ್ದ ಸೀಳಿ, ಪ್ರತಿ ಸೀಳೂ ತನ್ನದೇ ಬೇರು, ತನ್ನದೇ ರೆಂಬೆಗಳ ಪ್ರತ್ಯೇಕ ಸಂಸಾರವಾಗುತ್ತದೆ. ನೀರು ಸಾಲದ ವರ್ಷ ಕೆಲವು ಸಂಸಾರ ಸಾಯುತ್ತವೆ, ಉಳಿದವು ಬದುಕುತ್ತವೆ. ಒಣಗಿ ಹೋಗಿದೆ ಎಂದು ಲೆಕ್ಕದಿಂದ ತೆಗೆದ ಪೊದೆಯ ಒಂದು ಮೂಲೆಯಲ್ಲಿ ಹಸಿರು ತೊಟ್ಟು ಕಾಣುವುದು ಇದರಿಂದಲೇ. ಇಂಥ ಪೊದೆಗಳು ನೂರು ವರ್ಷ ದಾಟಿಯೂ ಬದುಕುತ್ತವೆ. ಹೊಸ ಸಸಿ ನೆಲೆಗೊಳ್ಳುವುದು ಮಾತ್ರ ಅಪರೂಪದ ಒಳ್ಳೆಯ ಮಳೆಯ ವರ್ಷಗಳಲ್ಲಿ.

ಬೀಜದ ವಿಷಯದಲ್ಲೂ ಆತುರವಿಲ್ಲ. ನಮ್ಮ ಆಡುಸೋಗೆಯ ಕುಟುಂಬಕ್ಕೆ ಸೇರಿದ ಬ್ಲೆಫಾರಿಸ್ ಎಂಬ ಮುಳ್ಳುಗಿಡ ಸತ್ತು ಒಣಗಿದ ಮೇಲೂ ಬೀಜಕೋಶಗಳನ್ನು ವರ್ಷಗಟ್ಟಲೆ ಬಿಗಿಹಿಡಿದಿರುತ್ತದೆ. ಮಳೆಯಲ್ಲಿ ಸರಿಯಾಗಿ ನೆನೆದಾಗ ಕೋಶ ಚಟ್ಟನೆ ಸಿಡಿಯುತ್ತದೆ, ನೆಲಕ್ಕೆ ಬಿದ್ದ ಬೀಜ ಕೆಲವೇ ಗಂಟೆಗಳಲ್ಲಿ ಬೇರು ಬಿಡುತ್ತದೆ. ಸದೆ ಬೋಕೆರ್‌ನ ಮರುಭೂಮಿ ಸಂಶೋಧನಾ ಸಂಸ್ಥೆಯಲ್ಲಿ ಯಿತ್ಸಾಕ್ ಗುಟ್ಟರ್‌ಮನ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಇಂಥ ಬೀಜಗಳ ಅಧ್ಯಯನದಲ್ಲೇ ಕಳೆದರು.

ಬಿರುಕಿನ ಆ ಹಿಡಿ ಮಣ್ಣು ಎಲ್ಲಿಂದ ಬಂತು? ಒಂದು ಪಾಲನ್ನು ಗಾಳಿ ತಂದಿತು. ಇನ್ನೊಂದು ಪಾಲಿಗೆ ಕಾರಣ ಬಸವನಹುಳು. ಯೂಕಾಂಡ್ರಸ್ ಕುಲದ ಪುಟ್ಟ ಬಸವನಹುಳುಗಳ ಆಹಾರ ಸುಣ್ಣಕಲ್ಲಿನ ಒಳಗೇ ಬೆಳೆಯುವ ಕಲ್ಲುಹೂ. ಅದನ್ನು ತಿನ್ನಬೇಕಾದರೆ ಕಲ್ಲನ್ನೇ ಕೆರೆದು ನುಂಗಬೇಕು. ನುಂಗಿದ ಕಲ್ಲು ಹಿಕ್ಕೆಯಾಗಿ ಹೊರಬಂದು ಮಣ್ಣಿಗೆ ಸೇರುತ್ತದೆ. ಮೋಶೆ ಶಾಖಾಕ್, ಕ್ಲೈವ್ ಜೋನ್ಸ್ ಮತ್ತು ಯಿಗಾಲ್ ಗ್ರಾನೋಟ್ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದಂತೆ ಈ ಹುಳುಗಳು ವರ್ಷಕ್ಕೆ ಹೆಕ್ಟೇರಿಗೆ 0.7ರಿಂದ 1.1 ಟನ್ ಕಲ್ಲನ್ನು ಪುಡಿಮಾಡುತ್ತವೆ. ಗಾಳಿ ತಂದು ಸುರಿಯುವ ದೂಳಿನ ಪ್ರಮಾಣಕ್ಕೆ ಇದು ಸರಿಸಮಾನ. ಮೂರು ವರ್ಷಗಳ ನಂತರ ಜೋನ್ಸ್ ಮತ್ತು ಶಾಖಾಕ್ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಸೇರಿಸಿದರು. ಕಲ್ಲಿನೊಳಗಿನ ಸಾರಜನಕವನ್ನು ಮಣ್ಣಿಗೆ ದಾಟಿಸುವ ಗೊಬ್ಬರದ ಕೆಲಸವೂ ಈ ಹುಳುಗಳದೇ.

ಬಸವನಹುಳು ಮೇಯಬೇಕಾದರೆ ಕಲ್ಲು ಒದ್ದೆಯಾಗಬೇಕು. ಮಳೆಯ ದಿನಗಳು ಕೆಲವೇ ಇರುವಲ್ಲಿ ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು ಇಬ್ಬನಿ. ಅವ್ದತ್‌ನಲ್ಲಿ ಅಳೆದವರ ಪ್ರಕಾರ ವರ್ಷದಲ್ಲಿ ಸುಮಾರು 200 ರಾತ್ರಿ ಇಬ್ಬನಿ ಬೀಳುತ್ತದೆ. ಅದನ್ನೆಲ್ಲ ಕೂಡಿದರೆ ವರ್ಷಕ್ಕೆ 30 ಮಿ.ಮೀ.ಗೂ ಮೇಲೆ.

ಕೆಲಸಗಾರರು ಇಷ್ಟೇ ಅಲ್ಲ. ಹೆಮಿಲೆಪಿಸ್ಟಸ್ ಎಂಬ, ಹುಳುವಿನಂತೆ ಕಾಣುವ ಚಿಪ್ಪುಜೀವಿ ಜೋಡಿಯಾಗಿ ಸಂಸಾರ ಹೂಡಿ, ತೇವ ಹುಡುಕುತ್ತ ಆಳದ ಬಿಲ ತೋಡುತ್ತದೆ, ಒಳಗಿನ ಮಣ್ಣನ್ನು ಉಂಡೆಗಳಾಗಿ ಹೊರಗೆ ರಾಶಿ ಹಾಕುತ್ತದೆ. ಮುಂದಿನ ಮಳೆ ಆ ರಾಶಿಯನ್ನು ಕೆಳಕ್ಕೆ ಕೊಚ್ಚುತ್ತದೆ. ಮುಳ್ಳುಹಂದಿ ಗೆಡ್ಡೆಗಾಗಿ ಗುಂಡಿ ತೋಡಿ ಹೋಗುತ್ತದೆ. ಆ ಗುಂಡಿಯಲ್ಲಿ ನೀರು ನಿಂತು, ಗಾಳಿಗೆ ಬಂದ ಬೀಜ ಸೇರಿ, ಮರುವರ್ಷ ಸುತ್ತಲಿಗಿಂತ ದಟ್ಟ ಹಸಿರು ಏಳುತ್ತದೆ. ಮಣ್ಣಿರುವಲ್ಲೆಲ್ಲ ಸಯನೋಬ್ಯಾಕ್ಟೀರಿಯಾ ಹೆಣೆದ ತೆಳು ಹೊರಪೊರೆ ದೂಳನ್ನು ಬಿಗಿದಿಟ್ಟು, ನೀರನ್ನು ಇಂಗಲು ಬಿಡದೆ ಪೊದೆಯ ಕಡೆಗೆ ಹರಿಸುತ್ತದೆ. ತನ್ನ ಸುತ್ತಲಿನ ನೆಲವನ್ನೇ ಬದಲಿಸಿ ಇತರರಿಗೆ ನೆಲೆ ಮಾಡಿಕೊಡುವ ಜೀವಿಗಳನ್ನು ಇಂದು ಪರಿಸರ ವಿಜ್ಞಾನ ‘ಪರಿಸರ ಎಂಜಿನಿಯರುಗಳು’ ಎನ್ನುತ್ತದೆ. ಆ ಪರಿಕಲ್ಪನೆಯನ್ನು 1994ರಲ್ಲಿ ಮುಂದಿಟ್ಟ ಮೂವರಲ್ಲಿ ಇಬ್ಬರು ಇದೇ ಜೋನ್ಸ್ ಮತ್ತು ಶಾಖಾಕ್, ಮೂರನೆಯವರು ಜಾನ್ ಲಾಟನ್. ಜಗತ್ತಿನ ಎಲ್ಲ ಕಡೆ ಬಳಕೆಯಾಗುವ ಈ ವಿಚಾರಕ್ಕೆ ನೆಗೆವ್‌ನ ಬಸವನಹುಳುವಿನ ಋಣವಿದೆ.

ವಿಜ್ಞಾನಿಗಳು ಬರುವುದಕ್ಕೆ ಬಹಳ ಮೊದಲೇ ಈ ಲೆಕ್ಕವನ್ನು ಓದಿಕೊಂಡವರಿದ್ದರು. ಸುಗಂಧದ್ರವ್ಯದ ಸಾರ್ಥಗಳನ್ನು ನಡೆಸುತ್ತಿದ್ದ ನಬಾತಿಯನ್ನರು, ಅವರ ನಂತರ ಬೈಜಾಂಟಿನ್ ಕಾಲದ ಒಕ್ಕಲಿಗರು ಅವ್ದತ್, ಶಿವ್ತಾ ಮುಂತಾದ ಊರುಗಳ ಸುತ್ತ ಬೇಸಾಯ ಮಾಡಿದರು, ದ್ರಾಕ್ಷಾರಸ ತೆಗೆದರು. ಈ ಊರುಗಳ ಅವಶೇಷಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಲಗಳಿದ್ದದ್ದು ಹಳ್ಳದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಕಟ್ಟೆ ಹಾಕಿ. ನೀರು ಬರುತ್ತಿದ್ದದ್ದು ಇಳಿಜಾರಿನಿಂದ, ಓರೆಯಾಗಿ ತೆಗೆದ ಕಾಲುವೆಗಳ ಮೂಲಕ. ಒಂದು ಎಕರೆ ಹೊಲಕ್ಕೆ ಇಪ್ಪತ್ತು ಮೂವತ್ತು ಎಕರೆ ಬೆಟ್ಟ. ಹೊಲಕ್ಕೆ ಹಕ್ಕಿದ್ದಂತೆ ಆ ಹೊಲಕ್ಕೆ ನೀರು ಕೊಡುವ ಬೋಳು ಇಳಿಜಾರಿಗೂ ಗಡಿ ಇತ್ತು.

ಕೇಂಬ್ರಿಜ್‌ನ ಅರಬ್ಬಿ ವಿದ್ವಾಂಸ ಎಡ್ವರ್ಡ್ ಪಾಮರ್ 1870ರಲ್ಲಿ ಇಲ್ಲಿ ನಡೆದು ಹೋದಾಗ ಬೆಟ್ಟದ ಮೈಮೇಲೆ ಸಾವಿರಾರು ಕಲ್ಲುಗುಡ್ಡೆಗಳನ್ನು ಕಂಡ. ಅಲ್ಲಿನ ಕುರಿಗಾಹಿಗಳಾದ ಬೆದವಿನರು ಅವನ್ನು ‘ದ್ರಾಕ್ಷಿಯ ದಿಬ್ಬಗಳು’ ಎಂದು ಕರೆಯುತ್ತಿದ್ದರು. ಬಳ್ಳಿ ಹಬ್ಬಿಸಲು ಪೇರಿಸಿದವೆಂದು ಪಾಮರ್ ನಂಬಿದ. ಇಳಿಜಾರಿನ ಮಣ್ಣು ಬೇಗ ಕೊಚ್ಚಿ ಹೊಲಕ್ಕೆ ಬರಲೆಂದು ಕಲ್ಲುಗಳನ್ನು ಬಳಿದು ಗುಡ್ಡೆ ಹಾಕಿದರು ಎಂದು ಮುಂದೆ ಸಂಶೋಧಕ ಯೆಹೂದಾ ಕೆದಾರ್ ವಾದಿಸಿದರು. ನೀರಿಗಾಗಿ ಎಂದವರು ಮೈಕೆಲ್ ಎವೆನಾರಿ.

1904ರಲ್ಲಿ ಮೆಟ್ಸ್ ನಗರದಲ್ಲಿ ವಾಲ್ಟರ್ ಶ್ವಾರ್ಟ್ಸ್ ಆಗಿ ಹುಟ್ಟಿದ ಎವೆನಾರಿ ಸಸ್ಯಶರೀರ ವಿಜ್ಞಾನಿ. ಜಲತಂತ್ರಜ್ಞ ಲೆಸ್ಲಿ ಶನಾನ್, ಕೃಷಿವಿಜ್ಞಾನಿ ನಫ್ತಾಲಿ ತದ್ಮೋರ್ ಜೊತೆಗೂಡಿ 1950ರ ದಶಕದ ಕೊನೆಯಲ್ಲಿ ಶಿವ್ತಾ ಮತ್ತು ಅವ್ದತ್‌ನ ಎರಡು ಹಳೆಯ ಹೊಲಗಳನ್ನು ಅವರು ಮತ್ತೆ ಎಬ್ಬಿಸಿದರು. ಬಾವಿಯಿಲ್ಲ, ಕೊಳವೆಯಿಲ್ಲ, ಇಳಿಜಾರಿನ ನೀರಷ್ಟೇ. ಬಾದಾಮಿ, ಪಿಸ್ತಾ, ಏಪ್ರಿಕಾಟ್, ದ್ರಾಕ್ಷಿ, ಬಾರ್ಲಿ ಬೆಳೆದವು. ಲೋಯೆಸ್ ಇರುವ ಇಳಿಜಾರಿನ ಬಿಡಿಗಲ್ಲುಗಳನ್ನು ಗುಡ್ಡೆ ಹಾಕಿ ನೋಡಿದಾಗ ಹರಿದು ಬರುವ ನೀರು ಹೆಚ್ಚಿತು. ಬಿಡಿಗಲ್ಲಿನ ಅಡಿಯ ಮಣ್ಣು ಹೊರಪೊರೆ ಕಟ್ಟದೆ ನೀರು ಕುಡಿಯುತ್ತದೆ. ಕಲ್ಲು ತೆಗೆದರೆ ಮಳೆಹನಿಯ ಹೊಡೆತಕ್ಕೆ ಮಣ್ಣಿನ ಮೇಲ್ಮೈ ಬಿಗಿದುಕೊಳ್ಳುತ್ತದೆ. ಬೆಟ್ಟದ ಹಾಸುಗಲ್ಲು ನೀರು ಕೊಡುತ್ತದೆ, ಬಿಡಿಗಲ್ಲು ನೀರು ತಡೆಯುತ್ತದೆ ಎಂಬ ಸೂಕ್ಷ್ಮವನ್ನು ಹಳೆಯ ಒಕ್ಕಲಿಗರು ಬಲ್ಲವರಾಗಿದ್ದರು.

ಈ ಹೊಲಗಳ ಅಳತೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜಲಾನಯನ ಚಿಕ್ಕದಾದಷ್ಟೂ ಹೆಕ್ಟೇರಿಗೆ ದಕ್ಕುವ ನೀರು ಹೆಚ್ಚು. ದೊಡ್ಡ ಇಳಿಜಾರಿನಲ್ಲಿ ನೀರು ದೂರ ಹರಿಯುವಷ್ಟರಲ್ಲಿ ದಾರಿಯಲ್ಲೇ ಇಂಗಿ ಕಾಣೆಯಾಗುತ್ತದೆ. ಹಾಗಾದರೆ ಒಂದೊಂದು ಮರಕ್ಕೇ ಒಂದೊಂದು ಜಲಾನಯನ ಏಕಿರಬಾರದು? ನಾಲ್ಕು ಕಡೆ ತಗ್ಗು ಬದು, ಕೆಳಗಿನ ಮೂಲೆಯಲ್ಲಿ ಕುಣಿ, ಕುಣಿಯಲ್ಲಿ ಒಂದು ಮರ. ಎವೆನಾರಿ ತಂಡ ಹದಿನೈದು ಚದರ ಮೀಟರಿನಿಂದ ಸಾವಿರ ಚದರ ಮೀಟರಿನವರೆಗೆ ಹಲವು ಅಳತೆಯ ಇಂಥ ಪಾತಿಗಳನ್ನು ಪರೀಕ್ಷಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1991ರಲ್ಲಿ ಹೊರತಂದ ನೀರು ಕೊಯ್ಲಿನ ಕೈಪಿಡಿಯಲ್ಲಿ ‘ನೆಗಾರಿಮ್’ ಎಂಬ ಹೆಸರಿನಿಂದ ಸೇರಿದ ಈ ವಿಧಾನ ಆಫ್ರಿಕದ ಒಣನಾಡುಗಳಿಗೂ ಹೋಯಿತು. ಮೇಲಿನ ಬೆಟ್ಟದಲ್ಲಿ ಜೈಗೋಫಿಲಮ್ ಯಾರ ಕೈಪಿಡಿಯೂ ಇಲ್ಲದೆ ಮಾಡಿಕೊಂಡಿರುವ ಏರ್ಪಾಡೂ ಇದೇ.

ಬೆದವಿನ ಕುರಿಗಾಹಿಗಳಿಗೆ ಇದೇ ಕುರುಚಲು ಮೇವು, ಸೌದೆ, ಔಷಧ ಎಲ್ಲವೂ ಆಗಿತ್ತು. ಆರ್ಟಿಮಿಸಿಯಾ ಹೊಟ್ಟೆನೋವಿಗೆ ಕಷಾಯ, ಅನಾಬಾಸಿಸ್ ಪೊದೆಯ ಕಡ್ಡಿ ಜಜ್ಜಿದರೆ ಬಟ್ಟೆಗೆ ಸಾಬೂನು, ರೆಟಾಮಾ ಪೊದೆಯ ಬೇರು ಬಹಳ ಹೊತ್ತು ಉರಿಯುವ ಕೆಂಡ. ಇಸ್ರೇಲ್ ಸರಕಾರದ ದೃಷ್ಟಿ ಬೇರೆಯಾಗಿತ್ತು. ಬೆಟ್ಟಗಳು ಬೋಳಾಗಿರುವುದಕ್ಕೆ ಮೇಕೆಯೇ ಕಾರಣ ಎಂದು 1950ರಲ್ಲಿ ಕಪ್ಪು ಮೇಕೆಗಳ ಮೇವಿಗೆ ಕಡಿವಾಣ ಹಾಕುವ ಕಾನೂನೇ ಬಂತು.

1972ರಲ್ಲಿ ಹಾರಿದ ಭೂಸರ್ವೇಕ್ಷಣಾ ಉಪಗ್ರಹದ ಚಿತ್ರಗಳು ಆ ನಂಬಿಕೆಗೆ ಪುಷ್ಟಿ ಕೊಟ್ಟವು. ಗಡಿಯ ಒಂದು ಬದಿಗೆ ಸಿನಾಯ್ ಬೆಳ್ಳಗೆ, ಇನ್ನೊಂದು ಬದಿಗೆ ನೆಗೆವ್ ಕಪ್ಪಗೆ, ನಡುವೆ ಗೀಟೆಳೆದಂತಹ ಗೆರೆ. ಮೇಕೆಗಳು ಗಿಡ ತಿಂದು ನೆಲ ಬೆಳ್ಳಗಾಗಿದೆ, ಬೆಳ್ಳನೆಯ ನೆಲ ಬಿಸಿಲನ್ನು ಹಿಂದಕ್ಕೆಸೆದು ಮಳೆಯನ್ನೂ ಕಡಿಮೆ ಮಾಡುತ್ತದೆ ಎಂದು ವಿಜ್ಞಾನಿ ಜೋಸೆಫ್ ಓಟರ್‌ಮನ್ 1974ರಲ್ಲಿ ಊಹೆ ಮುಂದಿಟ್ಟರು. ಇಪ್ಪತ್ತೊಂದು ವರ್ಷಗಳ ನಂತರ, 1995ರಲ್ಲಿ, ಅರ್ನಾನ್ ಕರ್ನಿಯೆಲಿ ಮತ್ತು ಹೈಮ್ ತ್ಸೋವರ್ ಗಡಿಯ ಮರಳುದಿಬ್ಬಗಳಲ್ಲಿ ನೆಲದ ಮೇಲೇ ಬೆಳಕಿನ ಪ್ರತಿಫಲನವನ್ನು ಅಳೆದರು. ನೆಗೆವ್ ಬದಿ ಕಪ್ಪಗೆ ಕಾಣಲು ಮುಖ್ಯ ಕಾರಣ ಪೊದೆಗಳಲ್ಲ, ಪೊದೆಗಳ ನಡುವಿನ ನೆಲದ ಸಯನೋಬ್ಯಾಕ್ಟೀರಿಯಾ ಹೊರಪೊರೆ. ಸಿನಾಯ್ ಬದಿಯಲ್ಲಿ ಮೇಕೆಗಳ ಗೊರಸು ಒಡೆದದ್ದು ಅದನ್ನೇ. ಉಪಗ್ರಹ ಕಂಡ ಜೀವ ಎಲ್ಲರೂ ಖಾಲಿ ಎಂದುಕೊಂಡ ಜಾಗದಲ್ಲಿತ್ತು.

ಖಾಲಿಯೆಂದು ತಿಳಿದದ್ದನ್ನು ತುಂಬುವ ಯತ್ನಗಳೂ ನಡೆದಿವೆ. ಮರುಭೂಮಿಯ ಉತ್ತರದ ಅಂಚಿನಲ್ಲಿ, ಸುಮಾರು 280 ಮಿ.ಮೀ. ಮಳೆಯ ಕುರುಚಲು ಬೆಟ್ಟಗಳಲ್ಲಿ 1964ರಿಂದ ಅಲೆಪ್ಪೊ ಪೈನ್ ನೆಟ್ಟು ಯಾತಿರ್ ಅರಣ್ಯ ಎಬ್ಬಿಸಿದರು. ಅದು ಬದುಕಿತು, ಇಂಗಾಲವನ್ನೂ ಚೆನ್ನಾಗಿ ಹೀರುತ್ತಿದೆ. ವೈಜ್ಮನ್ ಸಂಸ್ಥೆಯ ಎಯಾಲ್ ರೋಟೆನ್‌ಬರ್ಗ್ ಮತ್ತು ಡಾನ್ ಯಾಕಿರ್ ಅಲ್ಲಿ ಗೋಪುರ ನಿಲ್ಲಿಸಿ ಅಳೆದು 2010ರಲ್ಲಿ ಲೆಕ್ಕದ ಇನ್ನೊಂದು ಬದಿಯನ್ನೂ ತೋರಿಸಿದರು. ತಿಳಿಬಣ್ಣದ ಕುರುಚಲು ನೆಲಕ್ಕಿಂತ ಕಪ್ಪುಹಸಿರಿನ ಕಾಡು ಹೆಚ್ಚು ಬಿಸಿಲನ್ನು ಹೀರಿಕೊಳ್ಳುತ್ತದೆ. ಹೀಗೆ ಸೇರಿದ ಶಾಖವನ್ನು ಇಂಗಾಲದ ಲಾಭ ಸರಿದೂಗಿಸಲು ಹಲವು ದಶಕಗಳೇ ಬೇಕು.

ಇನ್ನೊಂದು ಲೆಕ್ಕ ಹಲ್ಲಿಯದು. ಉತ್ತರ ನೆಗೆವ್‌ನ ಲೋಯೆಸ್ ಬಯಲುಗಳ ಕುರುಚಲಿನಲ್ಲಿ ಮಾತ್ರ ಬದುಕುವ ಒಂದು ಹಲ್ಲಿಗೆ ಬೀರ್‌ಶೆಬಾದ ಹೆಸರೇ ಇದೆ. ಅಳಿವಿನ ಅಂಚಿನಲ್ಲಿರುವ ಜೀವಿಗಳಲ್ಲಿ ಅದೂ ಒಂದು. ಪೊದೆಯ ನೆರಳು ಮತ್ತು ಬರಿನೆಲ ಎರಡೂ ಅದಕ್ಕೆ ಬೇಕು. ಬೇಟೆ ಹುಡುಕುತ್ತ ಒಂದು ಪೊದೆಯಿಂದ ಇನ್ನೊಂದಕ್ಕೆ ಓಡುವುದು ಅದರ ದಿನಚರಿ. ಆ ಬಯಲಿನಲ್ಲಿ ಸಾಲುಮರ ನೆಟ್ಟಾಗ ಹಲ್ಲಿಗಳು ಕಡಿಮೆಯಾದವು. ದ್ರೋರ್ ಹಾವ್ಲೆನಾ ಮತ್ತು ಸಂಗಡಿಗರು ಕಾರಣ ತಿಳಿಯಲು ಮರದಷ್ಟೆತ್ತರದ ಕೃತಕ ಮರಗಳನ್ನು ಕುರುಚಲಿನ ನಡುವೆ ನಿಲ್ಲಿಸಿದರು. ಎತ್ತರದ ಕೊಂಬೆಯೇ ಇಲ್ಲದಿದ್ದ ನೆಲದಲ್ಲಿ ಕಳಿಂಗ ಜಾತಿಯ ಹಕ್ಕಿಗಳಿಗೆ ಕೂತು ಹೊಂಚು ಹಾಕಲು ಜಾಗ ಸಿಕ್ಕಿತು. ನೆಲ ಮಾತ್ರ ಹಿಂದಿನಂತೆಯೇ ಕಾಣುತ್ತಿದ್ದುದರಿಂದ ಅಪಾಯ ತಿಳಿಯದೆ ಹಲ್ಲಿಗಳು ಸುತ್ತಲಿಂದ ಬಂದು ಅಲ್ಲಿ ನೆಲಸುತ್ತಲೇ ಇದ್ದವು. 2010ರಲ್ಲಿ ಪ್ರಕಟವಾದ ಆ ಪ್ರಯೋಗದ ಮರಗಳಿಗೆ ಬೇರಿರಲಿಲ್ಲ. ಅವು ಮಣ್ಣಿನಿಂದ ಒಂದು ತೊಟ್ಟು ನೀರನ್ನೂ ಎಳೆಯಲಿಲ್ಲ. ಹಲ್ಲಿಗಳು ಬದುಕುಳಿಯುವ ಪ್ರಮಾಣ ಇಳಿಯಲು ಹಕ್ಕಿ ಕೂರುವಷ್ಟು ಎತ್ತರವೊಂದೇ ಸಾಕಾಯಿತು.